ತುಮಕೂರಿಗೆ ಬಂದ ಒಲೆಗಳು

ಒಂದು ಊರಿನಲ್ಲಿ ಕಾರಖಾನೆಗಳು ಎಷ್ಟಿವೆ, ರಸ್ತೆಗಳು ಎಷ್ಟು ಅಗಲವಾಗಿವೆ ಎಂಬುದನ್ನು ಸರಕಾರದ ಕಾಗದಪತ್ರಗಳಿಂದ ತಿಳಿಯಬಹುದು. ಆ ಊರಿಗೆ ಯಾರು ಯಾರು ಎಲ್ಲೆಲ್ಲಿಂದ ಬಂದು ನೆಲಸಿದ್ದಾರೆಂಬುದನ್ನು ತಿಳಿಯಬೇಕಾದರೆ ಮಾತ್ರ ದೀಪ ಹಚ್ಚುವ ಹೊತ್ತಿಗೆ ಬೀದಿಯಲ್ಲಿ ಒಂದು ಸುತ್ತು ಹೋಗಿಬರುವುದೇ ಸುಲಭವಾದ ಮಾರ್ಗ. ತುಮಕೂರಿನ ಅಂತರಸನಹಳ್ಳಿ, ಸತ್ಯಮಂಗಲ, ಹಿರೇಹಳ್ಳಿಗಳ ಕಡೆ ಹೀಗೆ ಹೋಗಿಬಂದವರಿಗೆ ಈ ಮಾತು ಅತಿಶಯೋಕ್ತಿಯೆನಿಸದು. ಒಂದು ಮನೆಯಿಂದ ಹುರುಳಿಕಾಳಿನ ಬಸ್ಸಾರಿಗೆ ಬೆಳ್ಳುಳ್ಳಿಯ ಒಗ್ಗರಣೆ ಬೀಳುವ ಪರಿಮಳ. ಅದರ ಪಕ್ಕದ ಮಹಡಿಯ ಮೇಲಿನಿಂದ ಸಾಸಿವೆಯೆಣ್ಣೆ ಕಾಯುವ ಘಾಟು. ಇನ್ನೂ ನಾಲ್ಕು ಹೆಜ್ಜೆ ಮುಂದಕ್ಕೆ ಹೋದರೆ ಜೋಳದ ರೊಟ್ಟಿಯನ್ನು ಬಡಿಯುವ ಸದ್ದು. ಮೂರು ಮನೆಗಳ ನಡುವೆ ಒಂದೊಂದು ಗೋಡೆ ಮಾತ್ರ. ಮೂರು ಒಲೆಗಳ ನಡುವೆ ನೂರಾರು, ಸಾವಿರಾರು ಮೈಲಿ.

ನಮ್ಮ ವಾಚಕರಲ್ಲಿ ಅನೇಕರು ಗೃಹಸ್ಥರು. ಮನೆಯ ಒಂದು ಭಾಗವನ್ನೋ ಮಹಡಿಯ ಮೇಲಿನ ಒಂದು ಕೋಣೆಯನ್ನೋ ಬಾಡಿಗೆಗೆ ಕೊಟ್ಟು ಸಂಸಾರವನ್ನು ತೂಗಿಸುವವರೂ ಅವರಲ್ಲಿ ಉಂಟು. ಬಾಡಿಗೆಗೆ ಕೋಣೆ ಕೇಳಿಕೊಂಡು ಬಂದವನಿಗೆ ನಾವು ಹಾಕುವ ಪ್ರಶ್ನೆಗಳಲ್ಲಿ ಸಂಬಳವೆಷ್ಟು ಎಂಬುದು ಎರಡನೆಯದು. ಮೊದಲನೆಯದು, “ನೀವು ಏನು ಊಟ ಮಾಡುತ್ತೀರಿ?” ಎಂಬುದು. ಉತ್ತರ ನಮ್ಮ ಮನಸ್ಸಿಗೆ ಒಪ್ಪದಿದ್ದರೆ ಕೋಣೆ ಆ ಕ್ಷಣದಲ್ಲಿಯೇ ಬೇರೆ ಯಾರಿಗೋ ಗೊತ್ತಾಗಿಬಿಡುತ್ತದೆ. ಹೀಗೆ ಹಿಂತಿರುಗಿದವನು ಕಾರಖಾನೆಯ ಬಳಿಯ ತಗಡಿನ ಷೆಡ್ಡಿಗೆ ಹೋಗುತ್ತಾನೆ. ಅಲ್ಲಿ ಹತ್ತು ಜನರಿಗೆ ಒಂದು ಒಲೆ. ಅಡಿಗೆಯ ವಿಚಾರವೆಂದರೆ ಕೇವಲ ನಾಲಗೆಯ ವಿಚಾರವಲ್ಲ, ತಲೆಯ ಮೇಲಿನ ಸೂರಿನ ವಿಚಾರವೂ ಹೌದು. ಆದಕಾರಣ ಈ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕೆಂದು ನಮ್ಮ ಆಶಯ.

ತುಮಕೂರು ಹಿಂದಿನಿಂದಲೂ ದಾರಿಯ ಮೇಲಿನ ಊರು. ರೈಲು 1880ರ ದಶಕದಲ್ಲಿ ಬೆಂಗಳೂರಿನಿಂದ ತುಮಕೂರಿಗೂ ಅಲ್ಲಿಂದ ಗುಬ್ಬಿಗೂ ಬಂದಿತು. ಬೆಂಗಳೂರಿನಿಂದ ಹೊನ್ನಾವರಕ್ಕೆ ಹೋಗುವ ಹಳೆಯ ರಸ್ತೆ ಇಂದಿಗೂ ಬಿ. ಎಚ್. ರಸ್ತೆಯೆಂಬ ಹೆಸರಿನಿಂದ ಊರಿನ ನಡುವೆಯೇ ಹಾಯುತ್ತದೆ. ಪುಣೆಯ ಕಡೆಯ ಹೆದ್ದಾರಿಯೂ ಈ ಊರನ್ನು ಮುಟ್ಟಿಯೇ ಮುಂದುವರಿಯಬೇಕು. ಶಿರಾ 1687ರಿಂದ ಮೊಗಲರ ಒಂದು ಪ್ರಾಂತದ ರಾಜಧಾನಿಯಾಗಿದ್ದುದನ್ನು ನೆನೆದರೆ ಈ ಸೀಮೆಗೆ ಉತ್ತರದೇಶದವರ ಬರವು ನಿನ್ನೆ ಮೊನ್ನೆಯದಲ್ಲವೆಂಬುದು ಸ್ಪಷ್ಟವಾಗುತ್ತದೆ. ಕಾರಖಾನೆಗಳ ಕಾಲ ಬಂದ ಮೇಲೆ ಈ ಬರವು ಹೆಚ್ಚಿತು. 1970ರ ದಶಕದ ಕೊನೆಯಲ್ಲಿ ಎಚ್. ಎಂ. ಟಿ. ಸಂಸ್ಥೆಯ ಗಡಿಯಾರದ ಕಾರಖಾನೆ ಇಲ್ಲಿ ಪ್ರಾರಂಭವಾಯಿತು. ಒಂದು ತಲೆಮಾರಿಗೆ ಅನ್ನ ಕೊಟ್ಟು 2016ರಲ್ಲಿ ಮುಚ್ಚಿಹೋಯಿತು. ಅಷ್ಟರಲ್ಲಿ ಶಿರಾ ಮಾರ್ಗದ ಕಡೆಗೆ ವಸಂತನರಸಾಪುರದ ಕೈಗಾರಿಕಾ ಪ್ರದೇಶ ತಲೆಯೆತ್ತಿತ್ತು. ಅಲ್ಲಿಯ ಆಹಾರ ಸಂಸ್ಕರಣೆಯ ಉದ್ಯಾನವನ್ನು ಪ್ರಧಾನಮಂತ್ರಿಗಳು 2014ರ ಸೆಪ್ಟೆಂಬರ್ 24ರಂದು ಉದ್ಘಾಟಿಸಿದರು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಹೆಲಿಕಾಪ್ಟರುಗಳನ್ನು ತಯಾರಿಸುವ ಕಾರಖಾನೆಗೆ 2016ರ ಜನವರಿ 3ರಂದು ಅಡಿಗಲ್ಲು ಬಿದ್ದು, 2023ರ ಫೆಬ್ರವರಿ 6ರಂದು ಅದರ ಬಾಗಿಲು ತೆರೆಯಿತು. ಈ ಕೆಲಸಗಳಿಗೆಲ್ಲ ಕೈಗಳು ಬೇಕು. ಕೈಗಳ ಹಿಂದೆ ಹೊಟ್ಟೆಯೂ ಬರುತ್ತದೆಯೆಂಬುದನ್ನು ಯೋಜನೆ ಹಾಕುವವರು ಎಷ್ಟೋ ವೇಳೆ ಮರೆಯುತ್ತಾರೆ.

ಬಂದವರ ಊಟವನ್ನು ನೋಡುವುದಕ್ಕೆ ಮೊದಲು ನಮ್ಮ ಎಲೆಯ ಮೇಲಿರುವುದನ್ನು ಒಮ್ಮೆ ನೋಡಿಕೊಳ್ಳೋಣ. ತುಮಕೂರು ಸೀಮೆಯ ಊಟವೆಂದರೆ ರಾಗಿಯ ಮುದ್ದೆ. ಇದಕ್ಕಿಂತ ನಮ್ಮದು ಎನ್ನಬಹುದಾದ ವಸ್ತು ಮತ್ತೊಂದಿಲ್ಲವೆಂದು ನಾವು ನಂಬಿದ್ದೇವೆ. ಆದರೆ ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ಭೂಮಿಯೆಂದೂ, ಸಾವಿರಾರು ವರ್ಷಗಳ ಹಿಂದೆ ಅದು ಅಲ್ಲಿಂದ ನಮ್ಮ ದೇಶಕ್ಕೆ ಬಂದಿತೆಂದೂ ಸಸ್ಯಶಾಸ್ತ್ರಜ್ಞರು ತೀರ್ಮಾನಿಸಿದ್ದಾರೆ. ಮುದ್ದೆಯ ಪಕ್ಕದಲ್ಲಿ ಹುಚ್ಚೆಳ್ಳಿನ ಚಟ್ನಿ ಇದ್ದರೆ ಅದೂ ಅದೇ ಇಥಿಯೋಪಿಯದ ಕಡೆಯದು. ತುಮಕೂರಿನ ಮಾರುಕಟ್ಟೆಗೆ ಹೆಸರು ತಂದ ಹುಣಸೆಹಣ್ಣಿನ ಕಥೆ ಇನ್ನೂ ವಿನೋದವಾಗಿದೆ. ಅರಬರು ಅದನ್ನು ‘ಹಿಂದದ ಖರ್ಜೂರ’ವೆಂದು ಕರೆದರು, ಆ ಹೆಸರಿನಿಂದಲೇ ಲೋಕವೆಲ್ಲ ಅದನ್ನು ಇಂಡಿಯದ ಮರವೆಂದು ತಿಳಿಯಿತು, ಮರದ ಮೂಲ ಮಾತ್ರ ಆಫ್ರಿಕ! ಮೆಣಸಿನಕಾಯಿ ಹದಿನಾರನೆಯ ಶತಮಾನದಲ್ಲಿ ಪೋರ್ತುಗೀಜರ ಹಡಗಿನಲ್ಲಿ ಅಮೆರಿಕದಿಂದ ಬಂದುದು. ಅದಕ್ಕೆ ಮುಂಚೆ ನಮ್ಮ ಸಾರಿಗೆ ಖಾರ ಕೊಡುತ್ತಿದ್ದುದು ಮೆಣಸು. ಹೊಸದಾಗಿ ಬಂದ ಕಾಯಿಗೆ ಆ ಹಳೆಯ ಹೆಸರನ್ನೇ ಅಂಟಿಸಿ ಒಳಗೆ ಸೇರಿಸಿಕೊಂಡೆವು. ಪರಂಗಿಹಣ್ಣೆಂದರೆ ಪರಂಗಿಯವರ ಹಣ್ಣು. ಸೀಮೆಬದನೆಯೆಂಬುದರಲ್ಲಿ ಸೀಮೆ ಎಂದರೆ ದೂರದ ಪರದೇಶ. ಶಿರಾ, ಪಾವಗಡದ ಹೊಲಗಳ ಕಡಲೆಕಾಯಿಯೂ ದಕ್ಷಿಣ ಅಮೆರಿಕದ ಸಂತಾನವೇ. ಇವೆಲ್ಲವನ್ನೂ ಬಿಟ್ಟು ಅಪ್ಪಟ ಈ ನಾಡಿನದನ್ನೇ ಬಡಿಸಿರೆಂದು ಯಾರಾದರೂ ಹಟಹಿಡಿದರೆ, ಪಡುವಣ ಘಟ್ಟದಲ್ಲಿಯೇ ಹುಟ್ಟಿದ ಹಲಸಿನಹಣ್ಣನ್ನು ಕೊಯ್ದು ಕೊಡಬಹುದು. ಅದನ್ನು ತಿಂದಮೇಲೆ ಕೈಗೆ ಹತ್ತಿದ ಅಂಟನ್ನು ಬಿಡಿಸಿಕೊಳ್ಳುತ್ತಾ ಕೂರಬೇಕಾಗುತ್ತದೆ.

ತುಮಕೂರಿನ ಹೆಸರನ್ನು ಹೊರಗಿನವರಿಗೆ ಪರಿಚಯ ಮಾಡಿಕೊಟ್ಟುದು ಮುದ್ದೆಯಲ್ಲ, ತಟ್ಟೆ ಇಡ್ಲಿ. ಬೆಂಗಳೂರಿನ ಕಡೆಯಿಂದ ಬರುವಾಗ ಊರಿನ ಮುಂಬಾಗಿಲಿನಂತಿರುವ ಕ್ಯಾತ್ಸಂದ್ರದಲ್ಲಿ ಬಸ್ಸು ಲಾರಿಗಳವರು ಇಳಿದು ಇದನ್ನು ತಿಂದು ಹೋಗುವುದು ರೂಢಿಯಾಗಿದೆ. ಮೈಸೂರು ರಸ್ತೆಯ ಬಿಡದಿಯವರೂ ಇದಕ್ಕೆ ಹಕ್ಕುದಾರರೇ. ಆ ವ್ಯಾಜ್ಯಕ್ಕೆ ನಾವು ಕೈಹಾಕುವುದಿಲ್ಲ. ಸಾಧಾರಣ ಇಡ್ಲಿಯನ್ನು ಕುಳಿಗಳಲ್ಲಿ ಬೇಯಿಸಿದರೆ ಇದನ್ನು ಅಂಚುಳ್ಳ ಸಣ್ಣ ತಟ್ಟೆಗಳಲ್ಲಿ ಬೇಯಿಸುತ್ತಾರೆ. ತಟ್ಟೆಗಳನ್ನು ಒಂದರ ಮೇಲೊಂದು ಬರುವಂತೆ ಎತ್ತರವಾದ ಚೌಕಟ್ಟಿನಲ್ಲಿ ಸೇರಿಸಿ ಹಬೆಯಲ್ಲಿಡುವುದುಂಟು. ಅಕ್ಕಿ ಉದ್ದುಗಳ ಜೊತೆಗೆ ನೆನೆಸಿದ ಅವಲಕ್ಕಿಯನ್ನೋ ಸಬ್ಬಕ್ಕಿಯನ್ನೋ ಸ್ವಲ್ಪ ಸೇರಿಸಿ ರುಬ್ಬಿದರೆ ಇಡ್ಲಿ ಅಗಲವಾಗಿದ್ದರೂ ನಡುವೆ ಗಟ್ಟಿಯಾಗದೆ ಮೃದುವಾಗಿರುತ್ತದೆ. ಮೇಲೆ ಒಂದಿಷ್ಟು ಬೆಣ್ಣೆ, ಪಕ್ಕದಲ್ಲಿ ತೆಳುವಾದ ಚಟ್ನಿ. ಎರಡು ತಿಂದವನು ಮಧ್ಯಾಹ್ನದವರೆಗೆ ದುಡಿಯಬಲ್ಲ. ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರು ಬರುತ್ತದೆ. ಹನ್ನೊಂದನೆಯ ಶತಮಾನದ ಲೋಕೋಪಕಾರದಲ್ಲಿ ಉದ್ದಿನಿಂದ ಅದನ್ನು ಮಾಡುವ ಕ್ರಮವೇ ಇದೆ. ಅಲ್ಲಿ ಅಕ್ಕಿಯ ಮಾತಿಲ್ಲ. ಕನ್ನಡ ಭಾಷೆಯಲ್ಲಿ ಸಾವಿರ ವರ್ಷ ಬಾಳಿರುವ ಈ ತಿಂಡಿಯೂ ಒಂದೇ ರೂಪದಲ್ಲಿ ನಿಂತದ್ದಲ್ಲವೆಂಬುದನ್ನು ಗಮನಿಸಬೇಕು. ಬಿಹಾರದಿಂದಲೋ ಅಸ್ಸಾಮಿನಿಂದಲೋ ಬಂದಿಳಿದ ಹುಡುಗನು ನಮ್ಮ ಊಟಗಳಲ್ಲಿ ಮೊದಲು ಒಲಿಯುವುದು ಇಡ್ಲಿಗೇ. ಮುದ್ದೆಗೆ ಒಲಿಯಲು ತಿಂಗಳುಗಳು ಬೇಕು. ಅದನ್ನು ಅಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಬೇಕು ಎಂಬ ವಿದ್ಯೆಯನ್ನು ಯಾರಾದರೂ ಎದುರಿಗೆ ಕುಳಿತು ಕಲಿಸಿಕೊಡಬೇಕು.

ಹೋಟಲಿನ ತಿಂಡಿಯನ್ನು ಈಗ ಎಲ್ಲರೂ ನಿಸ್ಸಂಕೋಚವಾಗಿ ತಿನ್ನುತ್ತೇವೆ. ಹಿಂದೆ ಹೀಗಿರಲಿಲ್ಲ. ಕಳೆದ ಶತಮಾನದ ಪೂರ್ವಾರ್ಧದಲ್ಲಿ ಉಡುಪಿ, ಕುಂದಾಪುರ, ಕೋಟದ ಕಡೆಯ ಜನರು ಘಟ್ಟ ಹತ್ತಿ ಬಂದು ಮೈಸೂರು ಸೀಮೆಯ ಊರೂರುಗಳಲ್ಲಿ ಹೋಟಲುಗಳನ್ನು ಇಟ್ಟರು. ಕೋಟದ ಬಳಿಯ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಸಣ್ಣ ಹೋಟಲೇ ಮುಂದೆ ಮಾವಳ್ಳಿ ಟಿಫಿನ್ ರೂಮೆಂದು ಪ್ರಸಿದ್ಧವಾಯಿತು. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿಗೆ ಅಭಾವ ಬಂದಾಗ ರವೆಯಿಂದ ಇಡ್ಲಿ ಮಾಡುವುದನ್ನು ತಾವು ಆರಂಭಿಸಿದೆವೆಂದು ಆ ಹೋಟಲಿನವರು ಹೇಳುತ್ತಾರೆ. ಇಂದು ಉಡುಪಿಯ ಹೆಸರು ಶುಚಿಗೂ ರುಚಿಗೂ ಪರ್ಯಾಯವಾಗಿದೆ. ಆದರೆ ಆ ಕಾಲದ ಹಿರಿಯರಲ್ಲಿ ಎಷ್ಟೋ ಮಂದಿ ಹೋಟಲಿನ ಮೆಟ್ಟಿಲು ಹತ್ತುವುದನ್ನು ದೋಷವೆಂದು ಎಣಿಸುತ್ತಿದ್ದರು. ಮಾಡಿದವನು ಯಾರೋ, ಬಡಿಸಿದವನು ಯಾರೋ, ಪಕ್ಕದಲ್ಲಿ ಕುಳಿತವನು ಯಾರೋ ಎಂಬ ಶಂಕೆ. ಹೋಟಲುಗಳೂ ಈ ಶಂಕೆಗೆ ತಕ್ಕಂತೆ ಬ್ರಾಹ್ಮಣರಿಗೆ ಬೇರೆ ಕೋಣೆ, ಉಳಿದವರಿಗೆ ಬೇರೆ ಸ್ಥಳ ಎಂದು ವಿಂಗಡಿಸಿದ್ದುದುಂಟು. ಕೆಲವರನ್ನು ಒಳಕ್ಕೇ ಬಿಡುತ್ತಿರಲಿಲ್ಲ. ಆ ಗೋಡೆಗಳನ್ನು ಕೆಡಹಲು ಕಾನೂನೂ ಬೇಕಾಯಿತು, ಕಾಲವೂ ಬೇಕಾಯಿತು. ಈಗ ಬಾಡಿಗೆಯ ಕೋಣೆಯ ಬಾಗಿಲಲ್ಲಿ ನಿಂತು ನಾವು ಕೇಳುವ ಪ್ರಶ್ನೆ ಆ ಹಳೆಯ ಶಂಕೆಯ ಮೊಮ್ಮಗಳೇ ಸರಿ.

ಉತ್ತರ ಕರ್ನಾಟಕದವರನ್ನು ಪರಸ್ಥಳದವರೆನ್ನುವುದು ಸರಿಯಲ್ಲ. ಆದರೂ ಊಟದ ವಿಷಯದಲ್ಲಿ ಅವರಿಗೂ ನಮಗೂ ಒಂದು ಹೊಳೆಯ ಅಂತರವಿದೆ. ಅವರಿಗೆ ಜೋಳ, ನಮಗೆ ರಾಗಿ. ಕಟ್ಟಡದ ಕೆಲಸಕ್ಕೂ ಕಾರಖಾನೆಯ ಕೆಲಸಕ್ಕೂ ವಿದ್ಯಾಭ್ಯಾಸಕ್ಕೂ ಬಂದ ಆ ಕಡೆಯವರಿಗಾಗಿ ತುಮಕೂರಿನಲ್ಲಿ ಖಾನಾವಳಿಗಳು ಹುಟ್ಟಿಕೊಂಡಿವೆ. ಒಣಗಿದ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಪುಂಡಿಪಲ್ಯ. ಪಾವಗಡದ ಕಡೆಯ ತೆಲುಗರು ಆ ಪುಂಡಿಸೊಪ್ಪನ್ನೇ ಗೋಂಗೂರವೆಂದು ಕರೆದು ತಮ್ಮದೆನ್ನುತ್ತಾರೆ. ಸೊಪ್ಪಿಗೆ ಇಬ್ಬರೂ ಒಂದೇ.

ಈ ವಿಷಯದಲ್ಲಿ ಸಿದ್ಧಗಂಗೆಯ ದಾಸೋಹವನ್ನು ಹೇಳದೆ ಮುಂದೆ ಹೋಗಲಾಗದು. 1907ರಲ್ಲಿ ಜನಿಸಿ 1930ರಲ್ಲಿ ಸನ್ಯಾಸ ಸ್ವೀಕರಿಸಿದ ಶಿವಕುಮಾರ ಸ್ವಾಮಿಗಳು 2019ರ ಜನವರಿ 21ರಂದು ಲಿಂಗೈಕ್ಯರಾಗುವವರೆಗೆ ನಡೆಸಿಕೊಂಡು ಬಂದ ಮಠದಲ್ಲಿ ಸಾವಿರಾರು ಮಕ್ಕಳು ಇಂದಿಗೂ ದಿನದಿನವೂ ಉಂಡು ಓದುತ್ತಾರೆ. ನಾಡಿನ ನಾನಾ ಜಿಲ್ಲೆಗಳಿಂದ, ವಿಶೇಷವಾಗಿ ಉತ್ತರದ ಜಿಲ್ಲೆಗಳಿಂದ ಬಂದ ಬಡಮಕ್ಕಳು ಅವರಲ್ಲಿ ಬಹುಮಂದಿ. ಜೋಳದ ಸೀಮೆಯ ಹುಡುಗನು ಅಲ್ಲಿ ಮುದ್ದೆ ಉಣ್ಣುವುದನ್ನು ಕಲಿಯುತ್ತಾನೆ. ಪಂಕ್ತಿಯಲ್ಲಿ ಪಕ್ಕದವನ ಜಾತಿಯನ್ನು ಯಾರೂ ಕೇಳುವುದಿಲ್ಲ. ಒಂದು ಊರು ಬಂದವರಿಗೆ ಹೇಗೆ ಉಣಬಡಿಸಬಹುದೆಂಬುದಕ್ಕೆ ತುಮಕೂರಿನವರು ದೂರ ಹೋಗಿ ದೃಷ್ಟಾಂತ ಹುಡುಕಬೇಕಾಗಿಲ್ಲ. ಬೆಟ್ಟದ ಬುಡದಲ್ಲಿಯೇ ಇದೆ.

ಇನ್ನು ದೂರದಿಂದ ಬಂದವರ ಮಾತು. ಬಿಹಾರ, ಉತ್ತರಪ್ರದೇಶ, ಝಾರ್ಖಂಡ, ಒಡಿಶಾ, ಬಂಗಾಳ, ಅಸ್ಸಾಮುಗಳ ಜನ ಈಗ ಕಾರಖಾನೆಗಳ ಬಾಗಿಲಲ್ಲಿ ಕಾಣುವವರೇ. ಇವರ ಊಟವನ್ನು ನಾವು ಒಂದೇ ಮಾತಿನಲ್ಲಿ ‘ಚಪಾತಿ’ ಎಂದುಬಿಡುತ್ತೇವೆ. ಬಂಗಾಳ, ಒಡಿಶಾ, ಅಸ್ಸಾಮಿನವರು ನಮಗಿಂತ ದೊಡ್ಡ ಅನ್ನಾಹಾರಿಗಳೆಂಬುದು ಇದರಲ್ಲಿ ಮರೆತುಹೋಗುತ್ತದೆ. ಒಡಿಶಾದವರಿಗೆ ಬೇಸಗೆಯಲ್ಲಿ ಪಖಾಳವೆಂದರೆ ಪ್ರಾಣ. ರಾತ್ರಿ ಮಾಡಿದ ಅನ್ನಕ್ಕೆ ನೀರು ಹಾಕಿಟ್ಟು, ಬೆಳಿಗ್ಗೆ ಅದು ಹುಳಿಗಟ್ಟಿದ ಮೇಲೆ ಉಪ್ಪು, ಈರುಳ್ಳಿ, ಹಸಿಮೆಣಸಿನಕಾಯಿಗಳೊಡನೆ ಉಣ್ಣುವುದು. ಇದನ್ನು ಕೇಳಿ ಮೂಗು ಮುರಿಯುವವರು, ತಮ್ಮ ಅಜ್ಜಿ ತಂಗಳನ್ನಕ್ಕೆ ಮಜ್ಜಿಗೆ ಸುರಿದು ಈರುಳ್ಳಿ ಕಚ್ಚಿಕೊಂಡು ಹೊಲಕ್ಕೆ ಹೋಗುತ್ತಿದ್ದುದನ್ನು ಜ್ಞಾಪಿಸಿಕೊಳ್ಳಬೇಕು. ನಾವು ತಂಗಳನ್ನವನ್ನು ಬಡತನದ ಗುರುತೆಂದು ಮುಚ್ಚಿಟ್ಟೆವು. ಒಡಿಶಾದವರು ಮಾರ್ಚ್ 20ನ್ನು ಪಖಾಳದ ದಿನವೆಂದು ಆಚರಿಸುತ್ತಾರೆ. ಇಬ್ಬರಲ್ಲಿ ಜಾಣರು ಯಾರೆಂಬುದನ್ನು ವಾಚಕರೇ ಹೇಳಲಿ.

ಬಿಹಾರದವರ ಸತ್ತು ಎಂಬುದು ಹುರಿದ ಕಡಲೆಯ ಹಿಟ್ಟು. ಸಂಸ್ಕೃತದ ಸಕ್ತುವೇ ಹೀಗಾಗಿದೆ. ಬೆಳಿಗ್ಗೆ ಕೆಲಸಕ್ಕೆ ಹೊರಟವನು ಅದನ್ನು ನೀರಿಗೆ ಕದಡಿ, ಉಪ್ಪು, ನಿಂಬೆಯ ರಸ, ಹೆಚ್ಚಿದ ಈರುಳ್ಳಿ ಸೇರಿಸಿ ಕುಡಿದುಬಿಟ್ಟರೆ ಒಲೆ ಹಚ್ಚುವ ಪ್ರಮೇಯವಿಲ್ಲ. ನಮ್ಮ ರಾಗಿಯ ಹುರಿಹಿಟ್ಟು ಇದರ ಒಡಹುಟ್ಟು. ರಾಗಿಗೆ ಮಜ್ಜಿಗೆ ಚಿಮುಕಿಸಿ, ಕಾದ ಬಾಣಲೆಯಲ್ಲಿ ಅರಳಿಸಿ ಬೀಸಿದ ಆ ಹಿಟ್ಟನ್ನು ಬೆಲ್ಲದೊಡನೆಯೋ ಮಜ್ಜಿಗೆಯೊಡನೆಯೋ ಕಲಸಿ ತಿಂದೇ ನಮ್ಮ ಹಿಂದಿನವರು ದಾರಿ ನಡೆದರು. ದಾರಿಹೋಕರ ಬುತ್ತಿ ದೇಶದ ಎರಡು ತುದಿಗಳಲ್ಲಿಯೂ ಒಂದೇ ಕ್ರಮದ್ದು: ಹುರಿ, ಬೀಸು, ಗಂಟು ಕಟ್ಟು, ಹೊರಡು.

ನಮಗೆ ಪರಿಚಯದ ಒಂದು ಮನೆಯ ಸಂಗತಿಯನ್ನು ಇಲ್ಲಿ ಹೇಳಬಹುದು. ಆ ಮನೆಯ ಯಜಮಾನಿತಿ ಬಹಳ ಅನುಮಾನಿಸಿ ಮಹಡಿಯ ಕೋಣೆಯನ್ನು ದರ್ಭಂಗಾ ಕಡೆಯ ಒಬ್ಬ ಯುವಕನಿಗೂ ಅವನ ಹೆಂಡತಿಗೂ ಕೊಟ್ಟಿದ್ದರು. ಎರಡು ತಿಂಗಳವರೆಗೆ ಮೇಲಿನವರಿಗೂ ಕೆಳಗಿನವರಿಗೂ ಮಾತುಕತೆ ನೀರಿನ ಮೋಟಾರಿನ ವಿಷಯಕ್ಕೆ ಮಾತ್ರ. ಒಂದು ದಿನ ಈ ತಾಯಿ ಮಿಲ್ಲಿನಿಂದ ಬಂದ ರಾಗಿಹಿಟ್ಟನ್ನು ಜರಡಿ ಹಿಡಿಯುತ್ತಿರುವಾಗ ಆ ಹುಡುಗಿ ಮೆಟ್ಟಿಲಿಳಿದು ಬಂದು ನಿಂತಳಂತೆ.

“ಏನಮ್ಮಾ, ಹಿಂಗೆ ನೋಡ್ತಾ ಇದ್ದೀಯ? ಇದು ರಾಗಿ. ನಿಮ್ಮ ಕಡೆ ಇಲ್ಲ.”

“ಅಮ್ಮಾ, ಇದು ಮಡುವಾ! ನಮ್ಮ ಊರಲ್ಲೂ ಇದೆ.”

ಆಮೇಲೆ ಅರ್ಧ ಕನ್ನಡ, ಅರ್ಧ ಹಿಂದಿ, ಉಳಿದುದು ಕೈಸನ್ನೆಯಿಂದ ವಿಷಯ ತಿಳಿಯಿತು. ಮಿಥಿಲೆಯಲ್ಲಿ ರಾಗಿಗೆ ಮಡುವಾ ಎಂದು ಹೆಸರು. ಅಲ್ಲಿಯ ತಾಯಂದಿರು ಮಕ್ಕಳ ಆಯುಸ್ಸಿಗಾಗಿ ಜಿತಿಯಾ ಎಂಬ ವ್ರತವನ್ನು ಮಾಡುತ್ತಾರೆ. ನಮ್ಮ ಪಂಚಾಂಗದ ಲೆಕ್ಕಕ್ಕೆ ಅದು ಭಾದ್ರಪದ ಬಹುಳ ಅಷ್ಟಮಿಯಂದು ಬರುತ್ತದೆ. ನೀರನ್ನೂ ಮುಟ್ಟದ ಕಠಿನವಾದ ಉಪವಾಸ. ಅದರ ಹಿಂದಿನ ದಿನ ಮಡುವಾದ ರೊಟ್ಟಿಯನ್ನು ತಿನ್ನುವುದು ಸಂಪ್ರದಾಯ. ರೊಟ್ಟಿಯೊಡನೆ ಮೀನೂ ಇರಬೇಕೆಂದು ಆ ಹುಡುಗಿ ಸೇರಿಸಿದಾಗ ನಮ್ಮ ಯಜಮಾನಿತಿ ಒಂದು ಗಳಿಗೆ ಸುಮ್ಮನಾದರಂತೆ. ಮೀನಿನ ಮಾತು ಅವರಿಗೆ ರುಚಿಸಲಿಲ್ಲ; ಮಕ್ಕಳ ಮಾತು ಮುಟ್ಟಿತು. ಒಂದು ಸೇರು ಹಿಟ್ಟನ್ನು ಅಳೆದು ಕೊಟ್ಟರು. ಮರುದಿನ ಮೇಲಿನಿಂದ ಒಂದು ಬಟ್ಟಲು ಸತ್ತು ಬಂದಿತು. ಒಡಿಶಾದಲ್ಲಿಯೂ ರಾಗಿಗೆ ಮಂಡಿಯಾ ಎಂಬ ಹೆಸರಿದ್ದು, ಕೋರಾಪುಟದ ಗುಡ್ಡಗಾಡಿನ ಜನ ಅದರ ಅಂಬಲಿಯನ್ನು ನಮ್ಮಂತೆಯೇ ಕುಡಿಯುತ್ತಾರೆ. ಇವರೆಲ್ಲರ ಹೆಸರಿನ ಪಟ್ಟಿಯಲ್ಲಿ ನಮ್ಮ ರಾಗಿ ಒಂದು ಹೆಸರು ಮಾತ್ರ.

ಮನೆಯೊಡೆಯರ ಪಕ್ಷದಲ್ಲಿ ನ್ಯಾಯವೇ ಇಲ್ಲವೆಂದು ನಾವು ಹೇಳುವುದಿಲ್ಲ. ಸಾಸಿವೆಯೆಣ್ಣೆಯ ಹೊಗೆ ಸುಣ್ಣದ ಗೋಡೆಗೆ ಹಿಡಿಯುವುದು ನಿಜ. ಒಬ್ಬನಿಗೆಂದು ಕೊಟ್ಟ ಕೋಣೆಯಲ್ಲಿ ಆರು ಜನ ಬಂದು ಸೇರಿಕೊಳ್ಳುವುದೂ ನಿಜ. ಹೊಗೆಗೆ ಕಿಟಕಿಯುಂಟು, ಜನಸಂಖ್ಯೆಗೆ ಕರಾರುಪತ್ರವುಂಟು. ಇವೆರಡನ್ನೂ ಮೊದಲೇ ಬಾಯಿಬಿಟ್ಟು ಮಾತಾಡಿಕೊಂಡರೆ ತಂಟೆಯಿಲ್ಲ. ಆದರೆ ಊಟದ ಹೆಸರು ಹೇಳಿ ಮನುಷ್ಯನನ್ನು ಹಿಂದಕ್ಕೆ ಕಳುಹಿಸುವುದು ಬೇರೆ ಬಗೆಯದು. ಕನಕದಾಸರ ರಾಮಧಾನ್ಯ ಚರಿತೆಯ ಕಥೆ ನಮ್ಮ ಮನೆಗಳಲ್ಲಿ ಪರಿಚಿತವಾದುದೇ. ಅದರಲ್ಲಿ ಅಕ್ಕಿ ತಾನು ದೊಡ್ಡವನೆಂದು ರಾಗಿಯನ್ನು ಹೀನಾಯವಾಗಿ ಜರೆಯುತ್ತದೆ. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ನೋಡಿದಾಗ ಅಕ್ಕಿ ಸೊರಗಿ, ರಾಗಿ ದೃಢವಾಗಿ ಉಳಿಯುತ್ತದೆ. ಧಾನ್ಯವನ್ನು ಜರೆಯುವವರು ನಿಜವಾಗಿ ಜರೆಯುವುದು ಅದನ್ನು ಉಣ್ಣುವವರನ್ನೆಂದು ಕನಕದಾಸರಿಗೆ ಚೆನ್ನಾಗಿ ಗೊತ್ತಿತ್ತು. ಮುದ್ದೆಯ ಸೀಮೆಯವರಾದ ನಾವು, ಅಕ್ಕಿಯವರಿಂದ ಆ ಮಾತನ್ನು ಕೇಳಿಸಿಕೊಂಡವರ ಮಕ್ಕಳು, ಈಗ ಅದನ್ನೇ ಸತ್ತು ತಿನ್ನುವವನಿಗೆ ಹೇಳುವುದು ಶೋಭಿಸದು.

ತಗಡಿನ ಷೆಡ್ಡುಗಳ ಸ್ಥಿತಿ ಬೇರೆ. ಅಲ್ಲಿ ಹೆಂಗಸರಿಲ್ಲ. ಪಾಳಿಯ ಪ್ರಕಾರ ಒಬ್ಬನು ದುಡಿದು ಬರುವ ಹೊತ್ತಿಗೆ ಇನ್ನೊಬ್ಬನು ಹೊರಡಬೇಕು, ಅಡಿಗೆಗೂ ಪಾಳಿಯೇ. ಊರಿನಲ್ಲಿ ಒಲೆಯ ಮುಂದೆ ಎಂದೂ ಕೂರದಿದ್ದ ಗಂಡಸರು ಇಲ್ಲಿ ರೊಟ್ಟಿ ಲಟ್ಟಿಸುವುದನ್ನು ಕಲಿಯುತ್ತಾರೆ. ಕಾಳು ಬೇಯಲು ಹೊತ್ತು ಸಾಲದೆ ಆಲೂಗೆಡ್ಡೆ ಅನ್ನಗಳಲ್ಲಿಯೇ ವಾರ ಕಳೆಯುವುದುಂಟು. ಪಡಿತರದ ವಿಷಯದಲ್ಲಿ ಒಂದು ಸೌಕರ್ಯವಾಗಿದೆ. ಇದು ಅನೇಕರಿಗೆ ತಿಳಿಯದಿರುವುದರಿಂದ ಇಲ್ಲಿ ಬರೆಯುತ್ತೇವೆ. 2020ರಿಂದೀಚೆಗೆ ಒಂದು ರಾಜ್ಯದ ಆಹಾರ ಭದ್ರತೆಯ ಪಡಿತರ ಚೀಟಿಯವರು ಮತ್ತೊಂದು ರಾಜ್ಯದ ನ್ಯಾಯಬೆಲೆ ಅಂಗಡಿಯಲ್ಲಿಯೂ ಬೆರಳಚ್ಚು ಒತ್ತಿ ತಮ್ಮ ಪಾಲಿನ ಧಾನ್ಯವನ್ನು ಪಡೆಯಬಹುದು. ಒಂದೇ ಚೀಟಿಯಲ್ಲಿ ಅರ್ಧ ಪಾಲನ್ನು ಇಲ್ಲಿ ಇವನೂ, ಉಳಿದ ಅರ್ಧವನ್ನು ಊರಿನಲ್ಲಿ ಮನೆಯವರೂ ಎತ್ತಿಕೊಳ್ಳಲು ಅವಕಾಶವಿದೆ. ಬಾಡಿಗೆದಾರನಿಗೆ ಇದನ್ನು ತಿಳಿಸಿ ಅಂಗಡಿಯನ್ನು ತೋರಿಸಿಕೊಡುವುದಕ್ಕೆ ಮನೆಯೊಡೆಯನಿಗೆ ಐದು ನಿಮಿಷ ಸಾಕು. ಆ ವರ್ಷದ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಹಾಕಿದಾಗ ಹೋಟಲು, ಖಾನಾವಳಿ, ಗಾಡಿಯ ಅಂಗಡಿ ಎಲ್ಲವೂ ಒಂದೇ ದಿನ ಮುಚ್ಚಿದುವು. ಸ್ವಂತ ಒಲೆಯಿಲ್ಲದವನ ಗತಿಯೇನೆಂಬುದು ಆಗ ಎಲ್ಲರ ಕಣ್ಣಿಗೆ ಬಿತ್ತು. ಮೇ ತಿಂಗಳಿನಿಂದ ಕೂಲಿಗಾರರ ವಿಶೇಷ ರೈಲುಗಳು ಹೊರಟುವು. ಅಷ್ಟರೊಳಗೆ ಎಷ್ಟೋ ಜನ ನಡೆದೇ ಹೊರಟಿದ್ದರು.

ಗುಬ್ಬಿಯ ಕಡೆ ಹೋದರೆ ನೋಟ ಸ್ವಲ್ಪ ಬದಲಾಗುತ್ತದೆ. ತುಮಕೂರಿಗೆ ಸುಮಾರು 20 ಕಿಲೋಮೀಟರ್ ದೂರದ ಈ ತಾಲ್ಲೂಕು ತೆಂಗು, ಅಡಿಕೆ, ಹಲಸುಗಳ ಊರು. ಚೇಳೂರಿನ ಹಲಸು ಹಿಂದಿನಿಂದಲೂ ಹೆಸರಾದುದು. ಅಲ್ಲಿಯ ಒಬ್ಬ ರೈತರ ತೋಟದ ಕೆಂಪು ತೊಳೆಯ ಮರವನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಪರೀಕ್ಷಿಸಿ, ‘ಸಿದ್ದು’ ಎಂಬ ಹೆಸರಿನಿಂದ ಗುರುತಿಸಿ, ಅದರ ಕಸಿಗಿಡಗಳನ್ನು ಮಾರುವ ಬಗ್ಗೆ 2017ರಲ್ಲಿ ಆ ರೈತರೊಡನೆ ಒಪ್ಪಂದ ಮಾಡಿಕೊಂಡರು. ಹಣ್ಣು ಚಿಕ್ಕದು, ಒಂದು ಸಂಸಾರ ಒಂದೇ ಹೊತ್ತಿನಲ್ಲಿ ಮುಗಿಸಬಹುದಾದಷ್ಟು. ನಾವು ಹಣ್ಣಿಗಾಗಿ ಕಾಯುತ್ತೇವೆ. ಉತ್ತರದವರು ಎಳೆಯ ಕಾಯನ್ನೇ ಹುಡುಕುತ್ತಾರೆ. ಕಟಹಲ್ ಎಂದು ಕರೆದು, ತುಂಡರಿಸಿ ಎಣ್ಣೆಯಲ್ಲಿ ಹುರಿದು, ಈರುಳ್ಳಿ ಮಸಾಲೆಯಲ್ಲಿ ಬೇಯಿಸಿದರೆ ಅವರಿಗೆ ಅದು ಹಬ್ಬದ ಪಲ್ಯ. ಎಳೆಗಾಯಿಯ ಪಲ್ಯ ನಮ್ಮ ಹಳ್ಳಿಗಳಿಗೂ ಹೊಸದಲ್ಲ. ಪೇಟೆಯ ಮನೆಗಳು ಅಂಟಿನ ಭಯದಿಂದ ಅದನ್ನು ಬಿಟ್ಟಿವೆ. ತಿಪಟೂರಿನ ಗಿಟುಕು ಕೊಬ್ಬರಿ ಹೋಗುವುದೂ ಹೆಚ್ಚಾಗಿ ಉತ್ತರ ಹಿಂದೂಸ್ಥಾನಕ್ಕೇ. ಅಂದಮೇಲೆ ನಮ್ಮ ಮಹಡಿಯಲ್ಲಿರುವವನ ತಾಯಿ ಊರಿನಲ್ಲಿ ಪೂಜೆಗೆ ಒಡೆದಿಡುವ ಕೊಬ್ಬರಿ ನಮ್ಮ ಜಿಲ್ಲೆಯದೇ ಆಗಿದ್ದರೆ ಆಶ್ಚರ್ಯವಿಲ್ಲ.

ಕುಣಿಗಲ್ಲು ಮಂಗಳೂರಿನ ಹೆದ್ದಾರಿಯ ಮೇಲಿದೆ. ಕೆರೆಯ ಹಾಡಿನಿಂದ ಆ ಹೆಸರನ್ನು ಕೇಳದ ಕನ್ನಡಿಗರಿಲ್ಲ. ಅಲ್ಲಿಯ ಮಿಲಿಟರಿ ಹೋಟಲುಗಳಲ್ಲಿ ಮುದ್ದೆ, ನಾಟಿಕೋಳಿ ಸಾರುಗಳ ದರ್ಬಾರು. ಅದೇ ತಾಲ್ಲೂಕಿನ ಎಡೆಯೂರಿನಲ್ಲಿ ಸಿದ್ಧಲಿಂಗೇಶ್ವರನ ದಾಸೋಹ. ಮಂಗಳೂರಿಗೆ ಹೋಗುವ ಲಾರಿಯವರು ಮಧ್ಯಾಹ್ನ ಇಳಿಯುವುದು ಮೊದಲನೆಯ ಸ್ಥಳದಲ್ಲಿ, ಸಂಸಾರಸಮೇತ ಬಂದವರು ಎರಡನೆಯದರಲ್ಲಿ; ಎರಡು ಕಡೆಯೂ ಯಾರೂ ಹಸಿದು ಏಳುವುದಿಲ್ಲ.

ಕೊನೆಯದಾಗಿ, ಗೃಹಿಣಿಯರು ಪರೀಕ್ಷಿಸಿ ನೋಡಲೆಂದು ಬಿಹಾರದ ಚೋಖಾವನ್ನು ಮಾಡುವ ಕ್ರಮವನ್ನು ತಿಳಿಸುತ್ತೇವೆ. ನಮ್ಮ ಸುಟ್ಟ ಬದನೆಕಾಯಿಯ ಗೊಜ್ಜನ್ನು ಬಲ್ಲವರಿಗೆ ಇದು ಕಷ್ಟವಲ್ಲ. ದೊಡ್ಡ ಗುಂಡುಬದನೆ ಒಂದಕ್ಕೆ ಎಣ್ಣೆ ಸವರಿ, ಅಲ್ಲಲ್ಲಿ ಸೀಳಿ ಎರಡು ಮೂರು ಎಸಳು ಬೆಳ್ಳುಳ್ಳಿಯನ್ನು ಒಳಗೆ ಸಿಕ್ಕಿಸಿ, ಕೆಂಡದ ಮೇಲೆ ಅಥವಾ ಗ್ಯಾಸಿನ ಉರಿಯ ಮೇಲೆ ತಿರುಗಿಸುತ್ತಾ ಸಿಪ್ಪೆ ಕರಿಯಾಗುವವರೆಗೆ ಸುಡಬೇಕು. ಅದರ ಜೊತೆಗೆ ಎರಡು ಟೊಮೇಟೊಗಳನ್ನೂ ಸುಟ್ಟುಕೊಂಡು, ಒಂದು ಆಲೂಗೆಡ್ಡೆಯನ್ನು ಬೇಯಿಸಿಟ್ಟುಕೊಳ್ಳಬೇಕು. ಎಲ್ಲದರ ಸಿಪ್ಪೆ ತೆಗೆದು ಕೈಯಿಂದಲೇ ಕಿವುಚಿ, ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿಸೊಪ್ಪು, ಉಪ್ಪು, ಅರ್ಧ ನಿಂಬೆಯ ರಸ ಬೆರಸುವುದು. ಮೇಲೆ ಒಂದು ಚಮಚ ಹಸಿಯ ಸಾಸಿವೆಯೆಣ್ಣೆ ಹಾಕುವುದು ಅವರ ಪದ್ಧತಿ. ಆ ಘಾಟು ಹಿಡಿಸದವರು ಎಣ್ಣೆಯನ್ನು ಹೊಗೆಯಾಡುವವರೆಗೆ ಕಾಯಿಸಿ ಆರಿಸಿ ಹಾಕಬಹುದು. ಕಡಲೆಕಾಯಿ ಎಣ್ಣೆಯೂ ನಡೆಯುತ್ತದೆ. ಅವರು ಇದನ್ನು ಸತ್ತು ತುಂಬಿ ಕೆಂಡದಲ್ಲಿ ಸುಟ್ಟ ಗೋದಿಯ ಲಿಟ್ಟಿಯೊಡನೆ ತಿನ್ನುತ್ತಾರೆ. ರಾಗಿರೊಟ್ಟಿಯೊಡನೆ ಇನ್ನೂ ಚೆನ್ನಾಗಿರುತ್ತದೆ. ರೊಟ್ಟಿ ಬಿಸಿಯಾಗಿರಬೇಕು, ಚೋಖಾ ಆರಿರಬೇಕು.